ಹಳಿಯ ಮೇಲೆ ಸಿಕ್ಕ ಡಿಟೋನೇಟರ್: ಭಯಪಡಬೇಕಾದದ್ದು ಯಾವುದಕ್ಕೆ?

2024ರ ಸೆಪ್ಟೆಂಬರ್ 18. ಜಮ್ಮು–ಕಾಶ್ಮೀರದಿಂದ ಕರ್ನಾಟಕದತ್ತ ಹೊರಟಿದ್ದ ಸೇನಾ ವಿಶೇಷ ರೈಲು ಮಧ್ಯಪ್ರದೇಶದ ಬುರ್ಹಾನ್‌ಪುರ ಜಿಲ್ಲೆಯ ಸಾಗ್‌ಫಾಟಾ ನಿಲ್ದಾಣದ ಬಳಿ ಬಂದಾಗ ಗಾಲಿಗಳ ಅಡಿಯಲ್ಲಿ ಸಿಡಿದ ಸದ್ದು ಕೇಳಿತು. ಲೋಕೋ ಪೈಲಟ್ ರೈಲನ್ನು ನಿಲ್ಲಿಸಿ ಸ್ಟೇಷನ್ ಮಾಸ್ಟರ್‌ಗೆ ತಿಳಿಸಿದರು. ಹುಡುಕಿದಾಗ ಹಳಿಯ ಮೇಲೆ ಹತ್ತು ಡಿಟೋನೇಟರ್‌ಗಳನ್ನು ಇಟ್ಟಿದ್ದುದು ಪತ್ತೆಯಾಯಿತು. ಕೆಲವು ದಿನಗಳ ನಂತರ ಸುದ್ದಿ ಹೊರಬಿದ್ದಾಗ ಅದು ಸೈನಿಕರಿದ್ದ ರೈಲನ್ನು ಸ್ಫೋಟಿಸುವ ಸಂಚು ಎಂಬ ರೂಪದಲ್ಲೇ ದೇಶವನ್ನು ತಲುಪಿತು.

ಅದರ ಬೆನ್ನಲ್ಲೇ ರೈಲ್ವೆ ಇಲಾಖೆ ಬೇರೆಯದೇ ಮಾತು ಹೇಳಿತು. ಇವು ನಾವೇ ದಿನನಿತ್ಯ ಬಳಸುವ ಡಿಟೋನೇಟರ್‌ಗಳು, ಇವುಗಳಿಂದ ರೈಲಿಗೆ ಅಪಾಯವಿಲ್ಲ ಎಂದಿತು. ಆಮೇಲೆ ಬಂಧನವಾಯಿತು. ಬಂಧಿತ ವ್ಯಕ್ತಿ ರೈಲ್ವೆಯದೇ ನೌಕರ. ಆತನ ಮೇಲಿದ್ದ ಆರೋಪ ಡಿಟೋನೇಟರ್‌ಗಳ ಕಳವು.

ಓದುಗರಿಗೆ ಗೊಂದಲವಾದದ್ದು ಸಹಜ. ರೈಲ್ವೆಯೇ ತನ್ನ ಹಳಿಯ ಮೇಲೆ ಸಿಡಿಯುವ ವಸ್ತುವನ್ನು ಇಡುತ್ತದೆಯೇ? ಇಡುತ್ತದೆ ಎಂದಾದರೆ ಬಂಧನವೇಕೆ? ಅಪಾಯವೇ ಇಲ್ಲ ಎಂದಾದರೆ ಇಷ್ಟೆಲ್ಲ ತನಿಖೆ ಏತಕ್ಕೆ? ಈ ಮೂರಕ್ಕೂ ಉತ್ತರ ಸಿಗಬೇಕಾದರೆ ಆ ಪುಟ್ಟ ಸಾಧನದ ಕೆಲಸ ಏನೆಂಬುದನ್ನು ಮೊದಲು ನೋಡಬೇಕು.

ತಗಡಿನ ಬಿಲ್ಲೆಯ ಒಳಗೆ

ರೈಲ್ವೆ ಡಿಟೋನೇಟರ್ ಎಂದರೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ, ಚಪ್ಪಟೆಯಾದ, ದುಂಡಗಿನ ತಗಡಿನ ಡಬ್ಬಿ. ಒಳಗೆ ಸ್ವಲ್ಪ ಸಿಡಿಮದ್ದು, ಒತ್ತಡ ಬಿದ್ದರೆ ಹೊತ್ತಿಕೊಳ್ಳುವ ಸಣ್ಣ ಕ್ಯಾಪ್‌ಗಳು. ಹೊರಗೆ ಎರಡೂ ಕಡೆ ಬೆರಳಿನಿಂದಲೇ ಬಗ್ಗಿಸಬಹುದಾದ ಮೆತ್ತನೆಯ ಲೋಹದ ಪಟ್ಟಿಗಳು. ಗುರುತಿನ ಚೀಟಿ ಇರುವ ಮುಖವನ್ನು ಮೇಲೆ ಮಾಡಿ ಹಳಿಯ ತಲೆಯ ಮೇಲಿಡಬೇಕು, ಪಟ್ಟಿಗಳನ್ನು ಹಳಿಗೆ ಸುತ್ತಿ ಬಿಗಿಯಾಗಿ ಬಗ್ಗಿಸಬೇಕು. ಮೊದಲ ಗಾಲಿ ಹತ್ತಿದೊಡನೆ ಅದು ಸಿಡಿಯುತ್ತದೆ. ಎಂಜಿನ್ನಿನ ಗದ್ದಲವನ್ನೂ ಮೀರಿ ಲೋಕೋ ಪೈಲಟ್‌ನ ಕಿವಿಗೆ ಆ ಸದ್ದು ತಲುಪುತ್ತದೆ.

ಅದರ ಕೆಲಸ ಅಷ್ಟಕ್ಕೇ ಮುಗಿಯುತ್ತದೆ. ಹಳಿ ಮುರಿಯುವುದಿಲ್ಲ, ಗಾಲಿಗೆ ಏಟಾಗುವುದಿಲ್ಲ. ಕಲ್ಲುಕ್ವಾರಿಯಲ್ಲಿ ಬಂಡೆ ಒಡೆಯಲು ಬಳಸುವ ಡಿಟೋನೇಟರ್ ಇದಲ್ಲ. ಅದು ದೊಡ್ಡ ಸ್ಫೋಟಕಕ್ಕೆ ಕಿಡಿ ಕೊಡುವ ಸಲಕರಣೆ. ರೈಲ್ವೆಯದು ಸದ್ದು ಮಾಡಲೆಂದೇ ಇರುವ ಸಂಕೇತ. ಎರಡಕ್ಕೂ ಒಂದೇ ಹೆಸರಿರುವುದರಿಂದ ಪ್ರತಿ ಸಲವೂ ಸುದ್ದಿ ದಾರಿ ತಪ್ಪುತ್ತದೆ. ಹಾಗೆಂದು ಇದು ಆಟದ ವಸ್ತುವೇನೂ ಅಲ್ಲ. ಸಿಡಿಯುವಾಗ ತಗಡಿನ ಚೂರುಗಳು ರಭಸದಿಂದ ಹಾರುತ್ತವೆ. ಆದ್ದರಿಂದಲೇ ಅದನ್ನು ಇಟ್ಟ ಸಿಬ್ಬಂದಿ ರೈಲು ಹಾದುಹೋಗುವ ತನಕ ಸಾಕಷ್ಟು ದೂರ ಸರಿದು ನಿಲ್ಲಬೇಕು ಎಂಬ ನಿಯಮವಿದೆ. ರೈಲಿನಲ್ಲಿ ಕುಳಿತವರಿಗೆ ಇದರಿಂದ ಅಪಾಯವಿಲ್ಲ ಎಂಬುದು ಎಷ್ಟು ನಿಜವೋ, ಹಳಿಯ ಪಕ್ಕ ನಿಂತವರಿಗೆ ಇದೆ ಎಂಬುದೂ ಅಷ್ಟೇ ನಿಜ.

1841ರಲ್ಲಿ ಎಡ್ವರ್ಡ್ ಆಲ್‌ಫ್ರೆಡ್ ಕೂಪರ್ ಎಂಬ ಇಂಗ್ಲಿಷ್ ಎಂಜಿನಿಯರ್ ಇದನ್ನು ರೂಪಿಸಿದರು. ದಟ್ಟ ಮಂಜಿನಲ್ಲಿ ಚಾಲಕನಿಗೆ ಸಿಗ್ನಲ್ ಕಾಣುತ್ತಿರಲಿಲ್ಲ. ಕಣ್ಣಿಗೆ ಕಾಣದ್ದನ್ನು ಕಿವಿಗೆ ಮುಟ್ಟಿಸಬೇಕಿತ್ತು. ಹಾಗಾಗಿಯೇ ನಮ್ಮ ರೈಲ್ವೆಯ ಸಾಮಾನ್ಯ ನಿಯಮಗಳಲ್ಲಿ ಇದಕ್ಕೆ ಫಾಗ್ ಸಿಗ್ನಲ್ ಎಂಬ ಹೆಸರೂ ಉಳಿದುಕೊಂಡಿದೆ.

ಎರಡು ಸದ್ದಿಗೆ ಒಂದರ್ಥ, ಮೂರಕ್ಕೆ ಇನ್ನೊಂದು

ಡಿಟೋನೇಟರ್‌ಗಳನ್ನು ಮನಸ್ಸಿಗೆ ಬಂದಲ್ಲಿ ಇಡುವಂತಿಲ್ಲ. ಎಷ್ಟು ಇಡಬೇಕು, ಎಷ್ಟು ದೂರದಲ್ಲಿ ಇಡಬೇಕು ಎಂಬುದರಲ್ಲೇ ಸಂದೇಶ ಅಡಗಿದೆ.

ಮಂಜು ಕವಿದಾಗ ಅಥವಾ ಬಿರುಮಳೆಯಲ್ಲಿ ಸಿಗ್ನಲ್ ಕಾಣದಂತಾದರೆ, ಸಿಗ್ನಲ್‌ಗಿಂತ ಕನಿಷ್ಠ 270 ಮೀಟರ್ ಮೊದಲು, ಸುಮಾರು 10 ಮೀಟರ್ ಅಂತರದಲ್ಲಿ ಎರಡು ಡಿಟೋನೇಟರ್ ಇಡುತ್ತಾರೆ. ಎರಡು ಸದ್ದು ಕೇಳಿದ ಲೋಕೋ ಪೈಲಟ್‌ಗೆ ಸಿಗ್ನಲ್ ಹತ್ತಿರವಾಗಿದೆ ಎಂದು ತಿಳಿಯುತ್ತದೆ. ಆತ ವೇಗ ಹಿಡಿತದಲ್ಲಿಟ್ಟು ಅದನ್ನು ಹುಡುಕಲು ಸಿದ್ಧನಾಗುತ್ತಾನೆ. ಇಲ್ಲಿ ಅಪಾಯದ ಸುಳಿವೇನೂ ಇಲ್ಲ.

ಹಳಿ ಮುರಿದಿದೆ, ಮರ ಬಿದ್ದಿದೆ, ಮಣ್ಣು ಕುಸಿದಿದೆ, ಇಲ್ಲವೇ ರೈಲೊಂದು ನಡುದಾರಿಯಲ್ಲಿ ಕೆಟ್ಟು ನಿಂತಿದೆ ಎಂದಾದರೆ ಕ್ರಮವೇ ಬೇರೆ. ಬ್ರಾಡ್‌ಗೇಜ್ ಮಾರ್ಗದಲ್ಲಿ ಸಿಬ್ಬಂದಿ ಕೈಯಲ್ಲಿ ಕೆಂಪು ಬಾವುಟ ಅಥವಾ ಕೆಂಪು ದೀಪ ಹಿಡಿದು, ರೈಲು ಬರುವ ದಿಕ್ಕಿಗೆ ಧಾವಿಸಬೇಕು. 600 ಮೀಟರ್ ದೂರದಲ್ಲಿ ಒಂದು ಡಿಟೋನೇಟರ್ ಇಡಬೇಕು. ಅಲ್ಲಿಗೆ ನಿಲ್ಲದೆ 1200 ಮೀಟರ್ ತನಕ ಹೋಗಿ, 10 ಮೀಟರ್‌ಗೆ ಒಂದರಂತೆ ಮೂರನ್ನು ಇಡಬೇಕು. ದಾರಿಯ ನಡುವೆಯೇ ರೈಲು ಬಂದುಬಿಟ್ಟರೂ ಒಂದಾದರೂ ಎಚ್ಚರಿಕೆ ಹಳಿಯ ಮೇಲಿರಲಿ ಎಂಬುದೇ 600 ಮೀಟರ್‌ನಲ್ಲಿ ಮೊದಲನೆಯದನ್ನು ಇಡುವ ಉದ್ದೇಶ. ಕೆಲಸ ಮುಗಿದು ಆತನನ್ನು ವಾಪಸ್ ಕರೆದಾಗ ನಡುವಿನ ಒಂದನ್ನು ಎತ್ತಿಕೊಂಡು ಬರಬೇಕು, ದೂರದ ಮೂರನ್ನು ಹಾಗೆಯೇ ಬಿಡಬೇಕು. ಆತ ಬೆನ್ನು ತಿರುಗಿಸಿ ಬರುವ ಹೊತ್ತಿನಲ್ಲಿಯೂ ಹಳಿ ಕಾವಲಿಲ್ಲದೆ ಇರಬಾರದಲ್ಲವೇ! ಈ ನಿಯಮಗಳನ್ನು ಬರೆದವರು ಇಂಥ ಸಣ್ಣ ಸಂಗತಿಗಳನ್ನೂ ಎಷ್ಟು ಕಾಳಜಿಯಿಂದ ಯೋಚಿಸಿದ್ದಾರೆ ಎಂದು ಮೆಚ್ಚುಗೆಯಾಗುತ್ತದೆ.

ಸದ್ದು ಕೇಳಿದ ಲೋಕೋ ಪೈಲಟ್‌ಗೂ ಕರ್ತವ್ಯವಿದೆ. ಮತ್ತೆ ಮತ್ತೆ ಸೀಟಿ ಹಾಕಬೇಕು, ವೇಗ ಇಳಿಸಬೇಕು, ಅಗತ್ಯವಿದ್ದರೆ ನಿಲ್ಲಿಸಬೇಕು. ಸಿಡಿದ ಜಾಗದಿಂದ ಒಂದೂವರೆ ಕಿಲೋಮೀಟರ್ ದಾಟುವವರೆಗೆ ಬೇರೆ ಸದ್ದಾಗಲಿ ಅಪಾಯದ ಗುರುತಾಗಲಿ ಸಿಗದಿದ್ದರೆ ಮಾತ್ರ ಮಾಮೂಲಿ ವೇಗಕ್ಕೆ ಮರಳಬಹುದು. ಮುಂದಿನ ನಿಲ್ದಾಣದಲ್ಲಿ ವಿಷಯ ತಿಳಿಸಲೇಬೇಕು. ಸಾಗ್‌ಫಾಟಾದ ಲೋಕೋ ಪೈಲಟ್ ರೈಲು ನಿಲ್ಲಿಸಿ ವರದಿ ಮಾಡಿದ್ದು ಗಾಬರಿಯಿಂದಲ್ಲ, ಈ ಕರ್ತವ್ಯದ ಭಾಗವಾಗಿ.

39 ಸೆಕೆಂಡುಗಳ ಲೆಕ್ಕ

1200 ಮೀಟರ್ ಎಂಬುದು ಎಲ್ಲಿಂದ ಬಂತು? ಗಂಟೆಗೆ 110 ಕಿಲೋಮೀಟರ್ ವೇಗದ ರೈಲು ಸೆಕೆಂಡಿಗೆ ಸುಮಾರು 30 ಮೀಟರ್ ಕ್ರಮಿಸುತ್ತದೆ. 1200 ಮೀಟರ್ ದಾಟಲು ಅದಕ್ಕೆ 39 ಸೆಕೆಂಡು ಸಾಕು. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ಘರ್ಷಣೆ ಬಹಳ ಕಡಿಮೆ. ಆದ್ದರಿಂದ ಪೂರ್ಣ ಬ್ರೇಕ್ ಹಾಕಿದರೂ ಅಷ್ಟು ವೇಗದ ರೈಲು ನಿಲ್ಲಲು ಒಂದು ಕಿಲೋಮೀಟರ್‌ನಷ್ಟು ದಾರಿ ಬೇಕಾಗಬಹುದು. ಚಾಲಕನ ಕಣ್ಣಿಗೆ ಅಡ್ಡಿ ಕಾಣುವ ಹೊತ್ತಿಗೆ ಆಗಲೇ ತಡವಾಗಿರುತ್ತದೆ. ಹಾಗಾಗಿ ಎಚ್ಚರಿಕೆ ಅಪಾಯದ ಸ್ಥಳದಲ್ಲಿ ಇದ್ದರೆ ಪ್ರಯೋಜನವಿಲ್ಲ, ಬ್ರೇಕ್ ಹಿಡಿಯುವ ದೂರಕ್ಕಿಂತ ಆಚೆಗೆ ಇರಬೇಕು.

ಇದೇ ಲೆಕ್ಕ ಡಿಟೋನೇಟರ್‌ನ ದೊಡ್ಡ ಕೊರತೆಯನ್ನೂ ತೋರಿಸುತ್ತದೆ. ಜಲ್ಲಿಕಲ್ಲಿನ ಮೇಲೆ, ಕತ್ತಲಲ್ಲಿ, ಮಳೆಯಲ್ಲಿ 1200 ಮೀಟರ್ ಓಡಲು ಒಬ್ಬ ಮನುಷ್ಯನಿಗೆ ಎಷ್ಟು ಹೊತ್ತು ಬೇಕು? ಹತ್ತು ನಿಮಿಷವಾದರೂ ಹಿಡಿಯುತ್ತದೆ. ಅಷ್ಟರೊಳಗೆ ಎದುರು ರೈಲು ಹದಿನೈದಿಪ್ಪತ್ತು ಕಿಲೋಮೀಟರ್ ಬಂದಿರುತ್ತದೆ.

1998ರ ನವೆಂಬರ್ 26ರ ನಸುಕಿನಲ್ಲಿ ಪಂಜಾಬಿನ ಖನ್ನಾ ಬಳಿ ಆದದ್ದು ಇದೇ. ಹಳಿ ಮುರಿದು ಗೋಲ್ಡನ್ ಟೆಂಪಲ್ ಮೇಲ್‌ನ ಬೋಗಿಗಳು ಪಕ್ಕದ ಮಾರ್ಗಕ್ಕೆ ಅಡ್ಡ ಬಿದ್ದವು. ಎದುರಿನಿಂದ ಬರುತ್ತಿದ್ದ ಜಮ್ಮು ತಾವಿ–ಸಿಯಾಲ್ದಾ ಎಕ್ಸ್‌ಪ್ರೆಸ್ ಕೆಲವೇ ನಿಮಿಷಗಳಲ್ಲಿ ಅವುಗಳಿಗೆ ಅಪ್ಪಳಿಸಿತು. 212 ಜನ ಸತ್ತರು. ನಿಯಮದ ಪ್ರಕಾರ ಡಿಟೋನೇಟರ್ ಹಿಡಿದು ಓಡಲು ಅಲ್ಲಿ ಕಾಲಾವಕಾಶವೇ ಇರಲಿಲ್ಲ. ಎಂಜಿನ್ನಿನ ಮುಂಭಾಗದಲ್ಲಿ ಮಿನುಗುವ ಹಳದಿ ಫ್ಲಾಷರ್ ದೀಪಕ್ಕೆ ಇಂದು ನೀಡಿರುವ ಮಹತ್ವ ಅರ್ಥವಾಗುವುದು ಇಂಥ ದುರಂತಗಳಿಂದ. ಎದುರು ರೈಲಿನ ಫ್ಲಾಷರ್ ಮಿನುಗುವುದು ಕಂಡರೆ ಲೋಕೋ ಪೈಲಟ್ ಏನನ್ನೂ ವಿಚಾರಿಸದೆ ರೈಲು ನಿಲ್ಲಿಸಬೇಕು. ಈಗಿನ ಕ್ರಮದಲ್ಲಿ ಫ್ಲಾಷರ್ ಹಚ್ಚುವುದು ಮತ್ತು ವಾಕಿಟಾಕಿಯಲ್ಲಿ ಕೂಗಿ ಹೇಳುವುದು ಮೊದಲು, ಡಿಟೋನೇಟರ್ ಹಿಡಿದು ಓಡುವುದು ನಂತರ.

ಇದನ್ನು ಕೈಬಿಡಬೇಕೆ? ಎರಡು ವಾದಗಳು

ಜಿಪಿಎಸ್ ಯುಗದಲ್ಲೂ ಹಳಿಗೆ ಪಟಾಕಿ ಕಟ್ಟುವುದೇ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಅವರ ಆಕ್ಷೇಪಕ್ಕೆ ಬಲವಿದೆ. ಈ ಪದ್ಧತಿಯಲ್ಲಿ ಎಲ್ಲವೂ ಮನುಷ್ಯನ ಕಾಲಿನ ವೇಗವನ್ನು ಅವಲಂಬಿಸಿದೆ. ಕೊರೆಯುವ ಚಳಿಯಲ್ಲಿ ಒಬ್ಬ ನೌಕರ ರಾತ್ರಿಯಿಡೀ ಸಿಗ್ನಲ್ ಕಂಬದಿಂದಾಚೆ ಕುಳಿತು ಪ್ರತಿ ರೈಲಿಗೂ ಹೊಸದಾಗಿ ಡಿಟೋನೇಟರ್ ಇಡಬೇಕು. ಮಂಜಿನಲ್ಲಿ ಹಳಿಯ ಬಳಿ ಓಡಾಡುವವನ ಜೀವಕ್ಕೂ ಭದ್ರತೆಯಿಲ್ಲ. ಸಿಡಿಮದ್ದಿನ ದಾಸ್ತಾನು ಸಾವಿರಾರು ಕೈಗಳಲ್ಲಿ ಹಂಚಿಹೋಗಿರುತ್ತದೆ. ಗಾರ್ಡ್ (ಈಗ ಟ್ರೈನ್ ಮ್ಯಾನೇಜರ್), ಲೋಕೋ ಪೈಲಟ್, ಸ್ಟೇಷನ್ ಮಾಸ್ಟರ್, ಗೇಟ್‌ಮನ್, ಗ್ಯಾಂಗ್ ಮೇಸ್ತ್ರಿ, ಕೀಮನ್ (ಹಳಿಯ ಬಿಗಿತ ನೋಡುತ್ತಾ ನಡೆಯುವ ನೌಕರ) ಹೀಗೆ ಅನೇಕರ ಬಳಿ ಇದು ಇರಲೇಬೇಕು.

ಮಂಜಿನ ವಿಷಯದಲ್ಲಿ ಬದಲಾವಣೆ ಆಗಲೇ ಬಂದಿದೆ. ಫಾಗ್ ಪಾಸ್ ಎಂಬ ಜಿಪಿಎಸ್ ಸಾಧನವನ್ನು ಲೋಕೋ ಪೈಲಟ್ ತನ್ನ ಕ್ಯಾಬಿನ್‌ನಲ್ಲಿ ಇಟ್ಟುಕೊಳ್ಳುತ್ತಾನೆ. ಮುಂದಿನ ಸಿಗ್ನಲ್ ಅಥವಾ ಲೆವೆಲ್ ಕ್ರಾಸಿಂಗ್ ಎಷ್ಟು ದೂರದಲ್ಲಿದೆ ಎಂದು ಅದು ಪರದೆಯ ಮೇಲೆ ತೋರಿಸುತ್ತದೆ, ದನಿಯಲ್ಲೂ ಹೇಳುತ್ತದೆ. 2024ರ ಜನವರಿಯಲ್ಲಿ ಇಂಥ 19,742 ಸಾಧನಗಳನ್ನು ಒದಗಿಸಿರುವುದಾಗಿ ರೈಲ್ವೆ ಹೇಳಿತ್ತು. ಇದರಿಂದಾಗಿ ಮಂಜಿನಲ್ಲಿ ಗಂಟೆಗೆ 60 ಕಿಲೋಮೀಟರ್ ಇದ್ದ ವೇಗಮಿತಿಯನ್ನು 75ಕ್ಕೆ ಏರಿಸಲು ಸಾಧ್ಯವಾಯಿತು. ಎರಡು ಸದ್ದಿನ ಸಂಕೇತದ ಜಾಗವನ್ನು ಈ ಪುಟ್ಟ ಪೆಟ್ಟಿಗೆ ಬಹುಮಟ್ಟಿಗೆ ತುಂಬಿದೆ.

ಆದರೆ ಫಾಗ್ ಪಾಸ್‌ಗೆ ತಿಳಿದಿರುವುದು ನಕ್ಷೆಯಲ್ಲಿ ಇರುವುದು ಮಾತ್ರ. ಸಿಗ್ನಲ್ ಕಂಬ ಇದ್ದಲ್ಲೇ ಇರುತ್ತದೆ, ಅದರ ಅಕ್ಷಾಂಶ ರೇಖಾಂಶ ಬದಲಾಗುವುದಿಲ್ಲ. ಸಿಗ್ನಲ್ ಕೆಂಪಿದೆಯೋ ಹಸಿರಿದೆಯೋ ಎಂಬುದು ಅದಕ್ಕೆ ಗೊತ್ತಿಲ್ಲ. ಅರ್ಧ ಗಂಟೆ ಹಿಂದೆ ಮುರಿದ ಹಳಿಯ ಸುದ್ದಿಯಂತೂ ಅದಕ್ಕೆ ತಿಳಿಯುವುದೇ ಇಲ್ಲ.

ರೈಲ್ವೆ ಸುರಕ್ಷತೆಯ ಹೊಣೆ ಹೊತ್ತವರು ಡಿಟೋನೇಟರ್ ಬಿಡಲು ಒಪ್ಪದಿರುವುದು ಇದೇ ಕಾರಣಕ್ಕೆ. ಅದಕ್ಕೆ ವಿದ್ಯುತ್ ಬೇಡ, ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ. ಸುರಂಗದೊಳಗೂ ಕಾಡಿನ ನಡುವೆಯೂ ಕೆಲಸ ಮಾಡುತ್ತದೆ. ಉಳಿದೆಲ್ಲ ವ್ಯವಸ್ಥೆ ಕೈಕೊಟ್ಟಾಗಲೂ ರೈಲಿನ ಗಾಲಿಯೇ ಅದನ್ನು ಸಿಡಿಸುತ್ತದೆ.

ಕವಚ ಎಲ್ಲವನ್ನೂ ಕಾಣುವುದಿಲ್ಲ

‘ಕವಚ’ ಬಂದ ಮೇಲೆ ಇದೆಲ್ಲ ಬೇಕಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡಬೇಕು, ಏಕೆಂದರೆ ತಪ್ಪು ನಿರೀಕ್ಷೆ ಹುಟ್ಟುವುದು ಇಲ್ಲೇ.

ಕವಚ ಸ್ವದೇಶಿ ಸ್ವಯಂಚಾಲಿತ ರೈಲು ಸುರಕ್ಷತಾ ವ್ಯವಸ್ಥೆ. ಅದರ ಆರಂಭದ ಪರೀಕ್ಷೆಗಳು ನಮ್ಮ ವಾಡಿ ಮತ್ತು ಬೀದರ್ ಕಡೆಯ ಮಾರ್ಗಗಳಲ್ಲೇ, ಲಿಂಗಂಪಲ್ಲಿ–ವಿಕಾರಾಬಾದ್ ವಲಯದಲ್ಲಿ ನಡೆದವು. 2020ರ ಜುಲೈನಲ್ಲಿ ಅದನ್ನು ರಾಷ್ಟ್ರೀಯ ವ್ಯವಸ್ಥೆಯಾಗಿ ಒಪ್ಪಿಕೊಳ್ಳಲಾಯಿತು. ಹಳಿಗಳ ನಡುವೆ ಅಳವಡಿಸಿದ ಆರ್‌ಎಫ್‌ಐಡಿ ಟ್ಯಾಗ್‌ಗಳು (ರೈಲು ಎಲ್ಲಿದೆ ಎಂದು ರೇಡಿಯೊ ಅಲೆಯಿಂದ ತಿಳಿಸುವ ಗುರುತುಗಳು), ನಿಲ್ದಾಣದ ಯಂತ್ರ, ಎಂಜಿನ್ನಿನಲ್ಲಿರುವ ಯಂತ್ರ ಇವು ರೇಡಿಯೊ ಮೂಲಕ ಮಾತಾಡಿಕೊಳ್ಳುತ್ತವೆ. ಕೆಂಪು ಸಿಗ್ನಲ್ ದಾಟಲು ಹೊರಟರೆ, ವೇಗಮಿತಿ ಮೀರಿದರೆ, ಒಂದೇ ಮಾರ್ಗದಲ್ಲಿ ಎರಡು ರೈಲು ಎದುರುಬದುರಾದರೆ ಕವಚ ತಾನೇ ಬ್ರೇಕ್ ಹಾಕುತ್ತದೆ. ಆಪತ್ತಿನಲ್ಲಿ ಸುತ್ತಲಿನ ರೈಲುಗಳಿಗೆಲ್ಲ ಒಮ್ಮೆಲೇ ಎಸ್‌ಒಎಸ್ ಕಳಿಸುವ ಶಕ್ತಿಯೂ ಅದಕ್ಕಿದೆ. ಖನ್ನಾದಂಥ ಸನ್ನಿವೇಶದಲ್ಲಿ 1200 ಮೀಟರ್ ಓಟದ ಕೆಲಸವನ್ನು ಕ್ಷಣಾರ್ಧದಲ್ಲಿ ಮಾಡಬಲ್ಲದ್ದು ಇದೇ. ಆದ್ದರಿಂದ ಕವಚದ ಅಳವಡಿಕೆ ಬೇಗ ಆಗಲೇಬೇಕು. ದೇಶದ ಸುಮಾರು 69 ಸಾವಿರ ಕಿಲೋಮೀಟರ್ ಮಾರ್ಗಕ್ಕೆ ಹೋಲಿಸಿದರೆ 2024ರ ಆ ದಿನಗಳಲ್ಲಿ ಅದು ದಕ್ಷಿಣ ಮಧ್ಯ ರೈಲ್ವೆಯ 1,465 ಕಿಲೋಮೀಟರ್‌ಗಳಲ್ಲಷ್ಟೇ ಇತ್ತು.

ಆದರೆ ಹಳಿಯ ಮೇಲೆ ಬಿದ್ದ ಬಂಡೆ ಕವಚಕ್ಕೆ ಕಾಣುವುದಿಲ್ಲ. ಆ ಬಂಡೆಗೆ ಟ್ಯಾಗ್ ಇಲ್ಲ, ರೇಡಿಯೊ ಇಲ್ಲ.

ಮುರಿದ ಹಳಿಯ ಕತೆ ಇನ್ನೂ ಸೂಕ್ಷ್ಮ. ಹಳಿಯ ಮೇಲೆ ರೈಲು ಇದೆಯೇ ಎಂದು ಪತ್ತೆ ಮಾಡುವ ಹಳೆಯ ಟ್ರ್ಯಾಕ್ ಸರ್ಕ್ಯೂಟ್ ಪದ್ಧತಿಯಲ್ಲಿ ಹಳಿಯ ಮೂಲಕವೇ ಸಣ್ಣ ವಿದ್ಯುತ್ ಹರಿಯುತ್ತದೆ. ಹಳಿ ಪೂರ್ತಿ ತುಂಡಾದರೆ ವಿದ್ಯುತ್ ನಿಂತು ಸಿಗ್ನಲ್ ತಾನಾಗಿ ಕೆಂಪಾಗುವ ಸಾಧ್ಯತೆ ಹೆಚ್ಚು. ಈಗ ಎಲ್ಲೆಡೆ ಹೆಚ್ಚುತ್ತಿರುವ ಆಕ್ಸಲ್ ಕೌಂಟರ್ ಮಾಡುವುದು ಬೇರೆ ಕೆಲಸ. ಒಳಗೆ ಹೋದ ಗಾಲಿಗಳೆಷ್ಟು, ಹೊರಗೆ ಬಂದವೆಷ್ಟು ಎಂದು ಎಣಿಸುತ್ತದೆ. ಮಳೆ ನೀರು ನಿಂತರೂ ಕೆಡುವುದಿಲ್ಲ, ನಿರ್ವಹಣೆ ಸುಲಭ. ಆದರೆ ಎರಡು ಎಣಿಕೆ ಬಿಂದುಗಳ ನಡುವೆ ಹಳಿ ತುಂಡಾಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಒಂದು ಅನುಕೂಲ ಬಂದಾಗ ಇನ್ನೊಂದು ರಕ್ಷಣೆ ಸದ್ದಿಲ್ಲದೆ ಕಳಚಿಕೊಂಡಿತು. ಅಲ್ಟ್ರಾಸಾನಿಕ್ ಪರೀಕ್ಷೆಯಿಂದ ಬಿರುಕನ್ನು ಮೊದಲೇ ಹಿಡಿಯಬಹುದು, ನಿಜ. ಆದರೆ ಅದು ನಿಗದಿತ ಅವಧಿಗೊಮ್ಮೆ ನಡೆಯುವ ತಪಾಸಣೆ. ಚಳಿಗೆ ಉಕ್ಕು ಕುಗ್ಗಿ ನಸುಕಿನ ನಾಲ್ಕು ಗಂಟೆಗೆ ಹಳಿ ತುಂಡಾದರೆ, ಅದನ್ನು ಮೊದಲು ಕಾಣುವುದು ಬಹುತೇಕ ಟಾರ್ಚ್ ಹಿಡಿದು ನಡೆಯುತ್ತಿರುವ ಗಸ್ತಿನವನೇ. ಅವನ ಚೀಲದಲ್ಲಿ ಡಿಟೋನೇಟರ್ ಇರುವುದು ಆ ಗಳಿಗೆಗಾಗಿ.

ಕೊಂಕಣ ಮತ್ತು ಶಿರಾಡಿ ಘಟ್ಟ ಕಲಿಸಿದ್ದು

2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾಕಾಲದ ವಿಶೇಷ ರೈಲು ವೈಭವವಾಡಿ ಬಳಿ ಕುಸಿದ ಬಂಡೆಗಳಿಗೆ ಸಿಕ್ಕಿ ಹಳಿ ತಪ್ಪಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಮರುವರ್ಷದ ಜೂನ್‌ನಲ್ಲೇ ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಹಾಡ್ ಬಳಿ ಬಂಡೆಗಳಿಗೆ ಬಡಿದು ಸೇತುವೆಯಿಂದ ಉರುಳಿತು.

ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ, ಜೋರು ಮಳೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗಮಿತಿ, ಹಳಿಯುದ್ದಕ್ಕೂ ಗಸ್ತು. ಇವೆಲ್ಲ ಇಂದು ಕೊಂಕಣ ರೈಲ್ವೆಯ ಮಾಮೂಲಿ ಕ್ರಮ. ಹೊನ್ನಾವರದ ಶರಾವತಿ ಸೇತುವೆ ಸೇರಿ ನಾಲ್ಕು ಕಡೆ ಗಾಳಿಯ ವೇಗ ಅಳೆಯುವ ಯಂತ್ರಗಳಿವೆ, ನದಿ ಸೇತುವೆಗಳಲ್ಲಿ ಪ್ರವಾಹ ಎಚ್ಚರಿಕೆಯ ಸಾಧನಗಳಿವೆ. ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಸರಾಸರಿ ಕಿಲೋಮೀಟರ್‌ಗೆ ಒಂದರಂತೆ ತುರ್ತು ಸಂಪರ್ಕದ ಸಾಕೆಟ್‌ಗಳು. ಗಸ್ತಿನವನು ಅಲ್ಲಿಂದ ನೇರವಾಗಿ ಸ್ಟೇಷನ್ ಮಾಸ್ಟರ್ ಜೊತೆಗೂ ಕಂಟ್ರೋಲ್ ಕಚೇರಿಯ ಜೊತೆಗೂ ಮಾತಾಡಬಹುದು. ಅಂದರೆ ನೋಡುವ ಕೆಲಸ ಮನುಷ್ಯನದೇ ಆಗಿ ಉಳಿಯಿತು, ಆತ ಕಂಡದ್ದನ್ನು ಮುಟ್ಟಿಸುವ ವೇಗ ಮಾತ್ರ ಬದಲಾಯಿತು.

ಶಿರಾಡಿ ಘಟ್ಟದಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ 55 ಕಿಲೋಮೀಟರ್ ಘಾಟಿ ಮಾರ್ಗದಲ್ಲಿ 57 ಸುರಂಗಗಳಿವೆ. 50 ಮೀಟರ್ ಸಾಗಿದರೆ ಒಂದು ಮೀಟರ್ ಏರುವಷ್ಟು ಕಡಿದಾದ ದಾರಿ. 2018ರ ಆಗಸ್ಟ್‌ನಲ್ಲಿ ಸಾಲು ಸಾಲು ಕುಸಿತ, 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಕುಸಿತ. ಇಂಥ ಜಾಗದಲ್ಲಿ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಗುಡ್ಡ ಜಾರಿದ್ದನ್ನು ಕಂಡ ಕಾವಲುಗಾರನ ಕೈಯಲ್ಲಿ ಕೊನೆಗೆ ಉಳಿಯುವುದು ಕೆಂಪು ದೀಪ ಮತ್ತು ಡಿಟೋನೇಟರ್.

ಸುಳ್ಳು ಸದ್ದಿನ ಪರಿಣಾಮ

ಈಗ ಬುರ್ಹಾನ್‌ಪುರಕ್ಕೆ ಬರೋಣ. ಆ ಹತ್ತು ಡಿಟೋನೇಟರ್‌ಗಳಿಂದ ರೈಲು ಉರುಳುತ್ತಿರಲಿಲ್ಲ ಎಂಬ ರೈಲ್ವೆಯ ಮಾತು ಸರಿ. ಆದರೆ ಅಲ್ಲಿಗೆ ವಿಷಯ ಮುಗಿಯಿತು ಎಂದುಕೊಳ್ಳುವುದು ತಪ್ಪು.

ಡಿಟೋನೇಟರ್‌ಗೆ ಬೆಲೆ ಬರುವುದು ನಂಬಿಕೆಯಿಂದ. ಸದ್ದು ಕೇಳಿದ ಲೋಕೋ ಪೈಲಟ್ ಎರಡನೇ ಯೋಚನೆ ಮಾಡದೆ ಬ್ರೇಕ್ ಹಿಡಿಯುವುದು, ಯಾರೋ ಜವಾಬ್ದಾರಿಯುತ ವ್ಯಕ್ತಿ ಕಾರಣವಿದ್ದೇ ಇಟ್ಟಿದ್ದಾರೆ ಎಂಬ ಭರವಸೆಯಿಂದ. ಕದ್ದ ಡಿಟೋನೇಟರ್‌ಗಳು ಎಲ್ಲೆಂದರಲ್ಲಿ ಸಿಡಿಯತೊಡಗಿದರೆ ಮೊದಲು ರೈಲುಗಳು ತಡವಾಗುತ್ತವೆ. ಆಮೇಲೆ ಸದ್ದಿನ ಗಾಂಭೀರ್ಯ ಕರಗುತ್ತದೆ. ಮುಂದೊಂದು ದಿನ ಮುರಿದ ಹಳಿಯ ಮುಂದೆ ನಿಜವಾದ ಮೂರು ಸದ್ದು ಕೇಳಿದಾಗ ಚಾಲಕ ಮೂರು ಸೆಕೆಂಡು ಅನುಮಾನಿಸಿದರೂ ಸಾಕು, ರೈಲು ನೂರು ಮೀಟರ್‌ನಷ್ಟು ಮುಂದೆ ಹೋಗಿರುತ್ತದೆ.

ಆದ್ದರಿಂದ ಬಂಧನಕ್ಕೆ ಕಾರಣವಿತ್ತು. ರೈಲ್ವೆ ಸ್ವತ್ತನ್ನು ಅಕ್ರಮವಾಗಿ ಇಟ್ಟುಕೊಳ್ಳುವುದರ ವಿರುದ್ಧ 1966ರ ಕಾಯ್ದೆಯಿದೆ. 1989ರ ರೈಲ್ವೆ ಕಾಯ್ದೆಯ 153ನೇ ಕಲಂ ಬೇಕೆಂದೇ ಪ್ರಯಾಣಿಕರ ಸುರಕ್ಷತೆಗೆ ಧಕ್ಕೆ ತರುವವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ರೈಲು ಉರುಳಿಸುವ ಕೃತ್ಯಕ್ಕೆ 150ನೇ ಕಲಂ ಅಡಿ ಜೀವಾವಧಿ ಶಿಕ್ಷೆಯೂ ಆಗಬಹುದು. ಈ ಮೂರನ್ನೂ ಒಂದೇ ಹಗ್ಗದಲ್ಲಿ ಕಟ್ಟಿ ‘ಸಂಚು’ ಎಂದು ಕರೆಯುವುದರಿಂದ ಯಾರಿಗೂ ಉಪಕಾರವಿಲ್ಲ.

ಅದೇ ತಿಂಗಳು ಕಾನ್ಪುರದ ಬಳಿ ಕಾಳಿಂದಿ ಎಕ್ಸ್‌ಪ್ರೆಸ್ ಹಳಿಯ ಮೇಲಿದ್ದ ಅಡುಗೆ ಅನಿಲದ ಸಿಲಿಂಡರ್‌ಗೆ ಡಿಕ್ಕಿ ಹೊಡೆಯಿತು. ಅದು ನಿಜಕ್ಕೂ ಘೋರ ಅಪಾಯ. ಸೂರತ್ ಬಳಿಯ ಕಿಮ್‌ನಲ್ಲಿ ಫಿಶ್‌ಪ್ಲೇಟ್ (ಎರಡು ಹಳಿಗಳನ್ನು ಜೋಡಿಸುವ ಪಟ್ಟಿ) ಮತ್ತು ಹಳಿಯನ್ನು ಬಿಗಿಹಿಡಿಯುವ ಕೀಲಿಗಳು ಬಿಚ್ಚಿದ್ದ ಪ್ರಕರಣದಲ್ಲಿ, ಅದನ್ನು ವರದಿ ಮಾಡಿದ ನೌಕರರನ್ನೇ ಪೊಲೀಸರು ಬಂಧಿಸಿದರು. ಮೂರು ಘಟನೆ, ಮೂರು ಬಗೆಯ ಕಾರಣ, ಮೂರು ಬಗೆಯ ಪರಿಹಾರ. ಸುದ್ದಿಯಲ್ಲಿ ಮಾತ್ರ ಮೂರೂ ಒಂದೇ ಸಾಲಿನಲ್ಲಿ ಬಂದವು.

ಮುಂದಿನ ದಾರಿ

ಎರಡು ಕೆಲಸಗಳು ಒಟ್ಟಿಗೆ ಆಗಬೇಕು. ಮೊದಲನೆಯದು ದಾಸ್ತಾನಿನ ಲೆಕ್ಕ. ಡಿಟೋನೇಟರ್‌ಗಳ ಪೂರೈಕೆ, ಅವಧಿಗೊಮ್ಮೆ ಪರೀಕ್ಷೆ, ಸುರಕ್ಷಿತ ಸಂಗ್ರಹ ಎಲ್ಲವೂ ರೈಲ್ವೆ ಆಡಳಿತದ ಹೊಣೆ ಎಂದು ಸಾಮಾನ್ಯ ನಿಯಮಗಳೇ ಹೇಳುತ್ತವೆ. ಪ್ರತಿಯೊಂದಕ್ಕೂ ಓದಬಹುದಾದ ಸಂಖ್ಯೆ ಕೊಟ್ಟು, ಯಾರ ಕೈಗೆ ಯಾವಾಗ ಹೋಯಿತು, ಎಲ್ಲಿ ಸಿಡಿಯಿತು, ಅವಧಿ ಮುಗಿದದ್ದು ಯಾವಾಗ ನಾಶವಾಯಿತು ಎಂದು ದಾಖಲಿಸುವುದು ಇಂದು ಕಷ್ಟದ ಕೆಲಸವಲ್ಲ.

ಎರಡನೆಯದು ಹಳಿಯ ಮೇಲೆ ನಡೆಯುವವನ ಸುರಕ್ಷತೆ ಮತ್ತು ದನಿ. ರೈಲು ಬರುತ್ತಿದೆ ಎಂದು ಟ್ರ್ಯಾಕ್‌ಮನ್‌ಗಳಿಗೆ ರೇಡಿಯೊ ಮೂಲಕ ಮುನ್ಸೂಚನೆ ಕೊಡುವ ‘ರಕ್ಷಕ್’ ಸಾಧನವನ್ನು ರೈಲ್ವೆ ರೂಪಿಸಿದೆ. ಅದು ಪ್ರತಿ ಕೀಮನ್‌ಗೂ ತಲುಪಬೇಕು. ಅಷ್ಟೇ ಅಲ್ಲ, ಸಂದೇಶ ಹಿಂದಿರುಗಿಯೂ ಹೋಗಬೇಕು. ಹಳಿ ಮುರಿದದ್ದನ್ನು ಕಂಡ ಕೀಮನ್ ಒಂದು ಗುಂಡಿ ಒತ್ತಿದರೆ ಆ ಭಾಗದತ್ತ ಬರುತ್ತಿರುವ ರೈಲಿನ ಕವಚ ಬ್ರೇಕ್ ಹಾಕುವಂತಾದರೆ ಹತ್ತು ನಿಮಿಷದ ಓಟ ಒಂದು ಸೆಕೆಂಡಿಗೆ ಇಳಿಯುತ್ತದೆ. ಈಶಾನ್ಯ ಗಡಿ ರೈಲ್ವೆಯಲ್ಲಿ ಆನೆಗಳ ಹೆಜ್ಜೆಯ ಕಂಪನವನ್ನು ಆಪ್ಟಿಕಲ್ ಫೈಬರ್ ಮೂಲಕ ಗ್ರಹಿಸುವ ವ್ಯವಸ್ಥೆ ಆಗಲೇ ಕೆಲಸ ಮಾಡುತ್ತಿದೆ. ಗುಡ್ಡ ಕುಸಿತ ಮತ್ತು ಹಳಿ ತುಂಡಾಗುವುದನ್ನೂ ಅದೇ ತಂತ್ರದಿಂದ ಪತ್ತೆ ಹಚ್ಚುವ ಸಾಧ್ಯತೆಯಿದೆ. ಶಿರಾಡಿಯಂಥ ಘಾಟಿಗಳಲ್ಲಿ ಇದನ್ನು ಮೊದಲು ಅಳವಡಿಸಿ ನೋಡಬೇಕು. ಅದು ಕೈಗೂಡಿ ಹಲವು ಮಳೆಗಾಲಗಳಲ್ಲಿ ಪರೀಕ್ಷೆಗೆ ಒಳಪಡುವವರೆಗೆ ಗಸ್ತಿನವನ ಚೀಲದಿಂದ ಡಿಟೋನೇಟರ್ ತೆಗೆಯುವಂತಿಲ್ಲ.